ಬೇರೆಯವರ ಸಾಲಕ್ಕೆ ನಮ್ಮ ಹೆಸರು

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಬರೆಯಲು ಕೂತರೆ ಕೈ ನೋಯುತ್ತದೆ, ಒತ್ತಕ್ಷರ ಬರಬೇಕಾದಲ್ಲಿ ಬರುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಎಲ್ಲರಿಗೂ ಬಾಯಲ್ಲಿ ಹೇಳಿ ಹೇಳಿ ಗಂಟಲು ಕಟ್ಟಿತು, ಸಂತೋಷ ಮಾತ್ರ ಮುಗಿಯಲಿಲ್ಲ. ನಮ್ಮ ಮನೆಯ ಮೇಲಿದ್ದ ಸಾಲದ ಕೊನೆಯ ಕಂತು ಕಟ್ಟಿದ್ದಾಯಿತು. ಇದನ್ನು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿದೆ. ಶಿವಮೊಗ್ಗದ ವಿನೋಬನಗರದಲ್ಲಿ ತರಕಾರಿ ಗಾಡಿಯ ಮುಂದೆ ನಿಂತಿದ್ದ, ಗುರುತು ಪರಿಚಯವಿಲ್ಲದ ಹೆಂಗಸಿಗೂ ಹೇಳಿದೆ. ಆಕೆ "ಒಳ್ಳೇದಾಯ್ತು ಬಿಡಿ" ಎಂದು ಬದನೆಕಾಯಿ ಆರಿಸತೊಡಗಿದಳು. ನನಗೆ ಬೇಜಾರಾಗಲಿಲ್ಲ. ಅವಳಿಗೇನು ಗೊತ್ತು, ಈ ಸಂತೋಷ ಎಂಥ ಬಾಗಿಲು ದಾಟಿ ಬಂದಿದೆ ಎಂದು.

ಹಣದ ಲೆಕ್ಕವೊಂದನ್ನೇ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಕೈತಪ್ಪಿ ಹೋಗಲಿದ್ದದ್ದು ಹಣವಲ್ಲ, ಮೊಮ್ಮಗಳು. ಅದನ್ನು ಮೊದಲಿನಿಂದ ಹೇಳುತ್ತೇನೆ.

ನಾವಿರುವುದು ಭದ್ರಾವತಿಯ ಕಾರ್ಖಾನೆಯ ಕಡೆ, ಉದ್ದಕ್ಕೆ ಶೀಟಿನ ಮನೆಗಳಿರುವ ಬೀದಿಯಲ್ಲಿ. ನನ್ನ ಗಂಡ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿಯಾಗಿದ್ದರು, ಅವರು ತೀರಿಹೋಗಿ ಬಹಳ ವರ್ಷವಾಯಿತು. ಮಗ ಹಳೆಯ ಗೂಡ್ಸ್ ಆಟೋ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಾನೆ. ಸೊಸೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಸೀರೆಗೆ ಫಾಲ್ ಹಾಕುತ್ತಾಳೆ. ನಾನು ಶಿವಮೊಗ್ಗದ ಕಲ್ಯಾಣ ಮಂಟಪಗಳಿಗೆ ಅಡಿಗೆ ಭಟ್ಟರ ಜೊತೆ ಹೋಗುತ್ತೇನೆ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಕೊನೆಗೆ ಕೊಪ್ಪರಿಗೆ ಉಜ್ಜುವುದು ನನ್ನ ಕೆಲಸ. ಲಗ್ನ ಇದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಮೂವರ ಗಳಿಕೆ ಸೇರಿದರೆ ಮನೆ ನಡೆಯುತ್ತಿತ್ತು. ಸೊಸೆ ಹೊಲಿಗೆ ಮಿಷನ್ನಿಗೆಂದು ಹೆಂಗಸರ ಸಂಘದಲ್ಲಿ ತೆಗೆದ ಸಾಲವೂ ತಂಟೆಯಿಲ್ಲದೆ ತೀರುತ್ತಾ ಬಂದಿತ್ತು.

ಆ ಸಂಘದ ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಾರೆ. ಸಾಲ ಕೊಟ್ಟ ಕಂಪನಿಯವನು ಬೈಕಿನಲ್ಲಿ ಬರುತ್ತಾನೆ. ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕೂತು ಕಂತು ಕೊಡುತ್ತಾರೆ. ಒಬ್ಬಳ ಕಂತು ಕಡಿಮೆ ಬಿದ್ದರೂ ಯಾರೂ ಏಳುವಂತಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದವಳೂ ಏಳುವಂತಿಲ್ಲ, ಮಗುವನ್ನು ಸ್ಕೂಲಿಗೆ ಕಳಿಸಬೇಕಾದವಳೂ ಏಳುವಂತಿಲ್ಲ. ಎಲ್ಲರೂ ತಮ್ಮ ತಮ್ಮ ಕೈಯಿಂದ ಹಾಕಿ ಆ ಕಂತು ತುಂಬಿಸಬೇಕು, ಆಮೇಲೆ ಏಳಬೇಕು. ಹಾಗಾಗಿ ಕಂಪನಿಯವನಿಗೆ ನಮ್ಮನ್ನು ಬೈಯುವ ಕೆಲಸವೇ ಇರಲಿಲ್ಲ. ಅದನ್ನು ನಾವು ನಾವೇ ಮಾಡಿಕೊಳ್ಳುತ್ತಿದ್ದೆವು.

ನಮ್ಮ ಬೀದಿಯ ಮೂಲೆಮನೆಯಲ್ಲಿ ಒಬ್ಬಳಿದ್ದಳು. ತಮಿಳು ಮನೆಮಾತಿನವಳು, ಕನ್ನಡವನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದಳು. ಸೊಸೆಗೆ ಹೆರಿಗೆ ನೋವು ಬಂದ ದಿನ ನಾನು ಶಿವಮೊಗ್ಗದಲ್ಲಿದ್ದೆ, ಮಗ ಬಾಡಿಗೆಗೆ ಹೋಗಿದ್ದ. ಸೊಸೆಯನ್ನು ಆಸ್ಪತ್ರೆಗೆ ಸೇರಿಸಿ, ಮೊಮ್ಮಗಳನ್ನು ಮೊದಲು ಕೈಯಲ್ಲಿ ಹಿಡಿದವಳು ಅವಳೇ. ಅಂಥವಳು ಒಂದು ಮಧ್ಯಾಹ್ನ ಬಂದು ಹೊಲಿಗೆ ಮಿಷನ್ನಿನ ಪಕ್ಕ ಕೂತಳು. ಬಟ್ಟೆ ಚೂರುಗಳನ್ನು ಸುಮ್ಮನೆ ಬಣ್ಣದ ಪ್ರಕಾರ ಜೋಡಿಸುತ್ತಾ ಕೂತು, ಕೊನೆಗೆ ಸೊಸೆಗೆ ಹೇಳಿದಳು.

"ಅಕ್ಕಾ, ನಂಗೆ ಇನ್ನು ಸಾಲ ಕೊಡಲ್ವಂತೆ. ನಿಮ್ಮ ಹೆಸರಲ್ಲಿ ಒಂದು ತೆಗೆದುಕೊಡಿ. ಹೆಸರು ಮಾತ್ರ ನಿಮ್ದು, ಕಟ್ಟೋದೆಲ್ಲಾ ನಾನೇ."

ನಮ್ಮಲ್ಲಿ ಇದು ಹೊಸದಲ್ಲ. ಕೈಯಲ್ಲಿ ದುಡ್ಡಿಲ್ಲದವರು ಹೆಸರು ಕೊಡುತ್ತಾರೆ. ಸಕ್ಕರೆ ಕೇಳಿದವಳಿಗೆ ಇಲ್ಲವೆನ್ನಬಹುದು, ಹೆಸರು ಕೇಳಿದವಳಿಗೆ ಇಲ್ಲವೆಂದರೆ ನಿನ್ನನ್ನು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಸೊಸೆ ಒಪ್ಪಿದಳು. ಹಣ ಬಂದ ದಿನ ಮೂಲೆಮನೆಯವಳು ಮೊಮ್ಮಗಳಿಗೆ ಫ್ರಾಕು ತಂದುಕೊಟ್ಟಳು. ಕೆಂಪು ಫ್ರಾಕು, ಮಗು ಅದನ್ನು ಒಗೆಯಲೂ ಬಿಡುತ್ತಿರಲಿಲ್ಲ.

ಕೆಲವು ತಿಂಗಳು ಸರಿಯಾಗಿ ಕಟ್ಟಿದಳು. ಆಮೇಲೆ ಸೋಮವಾರ ಸಂಜೆ ತರುತ್ತಿದ್ದವಳು ಮಂಗಳವಾರ ಬೆಳಿಗ್ಗೆ ತರತೊಡಗಿದಳು. ಆಮೇಲೆ ಅರ್ಧ ತಂದಳು. ಅವಳ ಮನೆಯ ಕೋಳಿಗಳು ಒಂದೊಂದೇ ಕಾಣದಾದವು. ಟೀವಿ ರಿಪೇರಿಗೆ ಹೋಗಿದೆ ಎಂದಳು, ಅದು ಬರಲಿಲ್ಲ. ಅವಳ ಚಿಕ್ಕ ಮಗ ಊಟದ ಹೊತ್ತಿಗೆ ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಇವೆಲ್ಲ ಕಣ್ಣಿಗೆ ಕಾಣುತ್ತಿದ್ದವು. ಕಂಡರೂ ನಾವು ಆ ಮಾತು ಎತ್ತಲಿಲ್ಲ, ಎತ್ತಿದರೆ ಅದು ನಿಜವಾಗಿಬಿಡುತ್ತದೆ ಎನ್ನುವ ಹಾಗೆ.

ಒಂದು ಬೆಳಿಗ್ಗೆ ನೀರು ಬಂತು, ನಲ್ಲಿಗೆ ಅವಳು ಬರಲಿಲ್ಲ. ಸೊಸೆ ಕೊಡ ಇಟ್ಟು ಹೋಗಿ ನೋಡಿದಳು. ಬಾಗಿಲಿಗೆ ಬೀಗ. ಹಿತ್ತಲ ತಂತಿಯ ಮೇಲೆ ಒಂದು ಲಂಗ ಒಣಗುತ್ತಿತ್ತು. ಸೊಸೆ ವಾಪಸು ಬಂದು ತುಂಬಿ ಹರಿಯುತ್ತಿದ್ದ ಕೊಡವನ್ನು ನೋಡುತ್ತಾ ನಿಂತುಬಿಟ್ಟಳು. ಹಿಂದಿನವಳು "ಸರಿಯಮ್ಮ ಆಚೆ" ಎಂದು ಕೂಗಿದರೂ ಅವಳಿಗೆ ಕೇಳಲಿಲ್ಲ.

ಅಲ್ಲಿಂದ ಎರಡು ಕಂತು ನಮ್ಮ ಮೇಲೆ ಬಿತ್ತು. ನಮ್ಮದೊಂದು, ಅವಳದೊಂದು. ಮಗನಿಗೆ ಹೇಳಿದರೆ ರೇಗುತ್ತಾನೆಂದು ಸೊಸೆ ಹೇಳಲಿಲ್ಲ. ಇನ್ನೊಂದು ಸಂಘ ಸೇರಿದಳು, ಅಲ್ಲಿ ಸಾಲ ತೆಗೆದು ಇಲ್ಲಿ ಕಟ್ಟಿದಳು. ಅದನ್ನು ಕಟ್ಟಲು ಮತ್ತೊಂದು. ಮಂಗಳವಾರದ ಜೊತೆಗೆ ಗುರುವಾರ ಬಂತು, ಗುರುವಾರದ ಜೊತೆಗೆ ಶನಿವಾರ. ನಡುವಿನ ದಿನಗಳು ಹಣ ಹೊಂದಿಸುವುದಕ್ಕೇ ಹೋಗುತ್ತಿದ್ದವು, ವಾರದಲ್ಲಿ ನೆಮ್ಮದಿಯ ದಿನ ಭಾನುವಾರ ಒಂದೇ ಉಳಿಯಿತು. ಆ ದಿನವೂ ಸೊಸೆ ಸೋಮವಾರ ಬರುತ್ತಿದೆಯಲ್ಲ ಎಂದು ಅನ್ನ ಬಿಡುತ್ತಿದ್ದಳು. ನನಗೆ ವಿಷಯ ತಿಳಿದದ್ದು ಅಕ್ಕಿ ಡಬ್ಬಿಯಿಂದ. ಮಂಟಪದಿಂದ ನಾನು ತಂದ ಅನ್ನ ಸಾರಿನ ಮೇಲೆ ಮನೆ ನಡೆಯುತ್ತಿದೆ ಎಂದು ಗೊತ್ತಾದ ದಿನ ಕೂರಿಸಿ ಕೇಳಿದೆ, ಎಲ್ಲ ಹೇಳಿದಳು. ಆ ಸಂಜೆ ಮಗನಿಗೂ ಹೇಳಿದೆವು. ಅವನು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಎದ್ದು ಆಟೋದ ಹಿಂದೆ ಹೋಗಿ ಕೂತ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಮೊಮ್ಮಗಳ ಆಟ. ಆಗ ಅವಳಿಗೆ ನಾಲ್ಕು ತುಂಬಿರಲಿಲ್ಲ. ಬೀದಿಯಲ್ಲಿ ಬೈಕಿನ ಸದ್ದು ಕೇಳಿದರೆ ಸಾಕು, ಗೊಂಬೆಯನ್ನು ಮಂಚದ ಕೆಳಗೆ ತಳ್ಳಿ, ಬಾಯಿಗೆ ಬೆರಳಿಟ್ಟು, "ಅಮ್ಮ ಇಲ್ಲ, ಅಮ್ಮ ಇಲ್ಲ" ಎಂದು ಪಿಸುಗುಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಬೈಕು ಹಾಲಿನವನದ್ದಾದರೂ ಅಷ್ಟೇ. ಸದ್ದು ದೂರವಾದ ಮೇಲೆ ಗೊಂಬೆಯನ್ನು ಎಳೆದು ತಲೆ ಸವರುತ್ತಿದ್ದಳು. ಸೊಸೆ ಇದನ್ನು ನೋಡಿದರೂ ನೋಡದವಳಂತೆ ಮಿಷನ್ ತುಳಿಯುತ್ತಿದ್ದಳು, ಮಿಷನ್ನಿನಲ್ಲಿ ಬಟ್ಟೆಯೇ ಇರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಬೀದಿಯಲ್ಲಿ ಬೀಗಗಳು ಹೆಚ್ಚಾದವು. ಟೈಲರ್ ಮನೆಯವರು ಮಗಳ ಊರಿಗೆ ಹೋಗಿ ಬರುತ್ತೇವೆಂದವರು ಬರಲಿಲ್ಲ. ಹೂವಿನವಳ ಮನೆಯ ಮುಂದೆ ಪೇಪರ್ ಹಾಗೇ ಬಿದ್ದು ಹಳದಿಯಾಯಿತು. ಯಾರ ಮನೆಯ ಬಾಗಿಲು ತುಸು ತಡವಾಗಿ ತೆಗೆದರೂ ಎದುರು ಮನೆಯವರು ಇಣುಕಿ ನೋಡುತ್ತಿದ್ದರು. ಹೋದವರ ಮೇಲೆ ಕನಿಕರವಿರಲಿಲ್ಲ. ಒಬ್ಬಳು ಹೋದರೆ ಅವಳ ಕಂತು ಉಳಿದವರ ತಲೆಗೆ ಬರುತ್ತಿತ್ತು. ಹಾಗಾಗಿ ಹೆಂಗಸರು ಒಬ್ಬರ ಮನೆಯನ್ನು ಒಬ್ಬರು ಕಾಯತೊಡಗಿದರು. ಬೆಳಿಗ್ಗೆ "ತಿಂಡಿ ಆಯ್ತಾ" ಎಂದು ಕೇಳುವುದೂ ನೀನು ಇನ್ನೂ ಇದ್ದೀಯಾ ಎಂದು ಕೇಳಿದ ಹಾಗೆ ಕೇಳಿಸುತ್ತಿತ್ತು.

ಒಂದು ಸೋಮವಾರ ವಿನೋಬನಗರದ ಮಂಟಪದಲ್ಲಿ ನಿಶ್ಚಿತಾರ್ಥವಿತ್ತು. ಜನ ಕಡಿಮೆ, ಕೆಲಸ ಬೇಗ ಮುಗಿಯಿತು. ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದೆ. ಬೀದಿಯಲ್ಲಿ ಎಲ್ಲರೂ ಉಂಡು ಮಲಗುವ ಹೊತ್ತು. ಆಟೋವನ್ನು ಬಾಗಿಲಿಗೆ ಒತ್ತಿ ಹಿಮ್ಮುಖವಾಗಿ ನಿಲ್ಲಿಸಿದ್ದ ಮಗ. ಒಳಗೆ ಪಾತ್ರೆಗಳೆಲ್ಲ ಗೋಣಿಚೀಲದಲ್ಲಿದ್ದವು. ಸೊಸೆ ಮಿಷನ್ನಿನ ತಲೆ ಬಿಚ್ಚಿ ಸೀರೆಯಲ್ಲಿ ಸುತ್ತುತ್ತಿದ್ದಳು. ಮೊಮ್ಮಗಳು ಕೆಂಪು ಫ್ರಾಕು ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಮಂಚದ ಮೇಲೆ ಊರಿಗೆ ಹೊರಟವಳ ಹಾಗೆ ಕೂತಿದ್ದಳು.

"ಅಮ್ಮ, ನೀನು ಬೇಗ ಬಂದ್ಬಿಟ್ಟೆ" ಎಂದ ಮಗ.

ಎಲ್ಲಿಗೆಂದು ಕೇಳಿದೆ. ಮೂಡಿಗೆರೆ ಕಡೆ ಕಾಫಿ ಎಸ್ಟೇಟಿನಲ್ಲಿ ಕೂಲಿ ಲೈನಿನ ಮನೆ ಕೊಡುತ್ತಾರಂತೆ, ಅಲ್ಲಿ ಯಾರೂ ಹುಡುಕುವುದಿಲ್ಲವಂತೆ, ಫೋನಿನ ಸಿಮ್ಮು ಇಲ್ಲೇ ಮುರಿದು ಹಾಕುತ್ತಾನಂತೆ. ಸ್ವಲ್ಪ ದಿನ ಬಿಟ್ಟು ನನ್ನನ್ನು ಕರೆಸಿಕೊಳ್ಳುತ್ತಾನಂತೆ. ಅವನು ಹೇಳುತ್ತಾ ಹೋದ, ನನಗೆ ಅವನ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ನಾಳೆ ಮಂಗಳವಾರ, ಸಂಘ ಸೇರುವುದು ನಮ್ಮ ಮನೆಯಲ್ಲೇ. ಹೆಂಗಸರು ಬಂದು ಖಾಲಿ ಮನೆ ನೋಡುತ್ತಾರೆ. ನಾನು ಒಬ್ಬಳೇ ಒಳಗೆ.

ನಾನು ಹೇಳಿದೆ, "ನಾನು ಬರಲ್ಲ. ಮಗೂನೂ ಬರಲ್ಲ."

"ಮಗು ನಂದು ಕಣಮ್ಮ."

"ನಿಂದೇ. ನೀನೂ ಇಲ್ಲೇ ಇರು ಅಂತಲೇ ಹೇಳ್ತಿರೋದು."

"ಇದ್ದು? ನಾಳೆ ಏನ್ ಕೊಡ್ತೀಯ ಅವರಿಗೆ?"

"ಕೂರೋಕೆ ಚಾಪೆ ಕೊಡ್ತೀನಿ."

ಸೊಸೆ ಮಿಷನ್ನಿನ ತಲೆ ಮಡಿಲಲ್ಲಿ ಇಟ್ಟುಕೊಂಡೇ ಅಳತೊಡಗಿದಳು. ಅಳುವಿನ ನಡುವೆ ಒಂದೇ ಮಾತು ಹೇಳಿದಳು, "ಅವಳು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದ ಹಾಗಾಗುತ್ತೆ ಅತ್ತೆ, ನನಗೂ ಗೊತ್ತು." ಮಗ ಗೋಣಿಚೀಲವನ್ನು ಬಿಚ್ಚಲಿಲ್ಲ, ಎತ್ತಲೂ ಇಲ್ಲ. ಅದರ ಮೇಲೆ ಕೂತ. ನಾನು ಮೊಮ್ಮಗಳ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಸಂಜೆಯವರೆಗೆ ಅದನ್ನು ಕೆಳಗಿಡಲಿಲ್ಲ.

ಮಂಗಳವಾರ ಬೆಳಿಗ್ಗೆ ಹೆಂಗಸರು ಬಂದರು. ಗೋಣಿಚೀಲಗಳು ಮೂಲೆಯಲ್ಲೇ ಇದ್ದವು, ಯಾರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ. ಕಂಪನಿಯವನು ಹಾವೇರಿ ಕಡೆಯವನು, ಮೂವತ್ತರ ಆಸುಪಾಸು, ಯಾವಾಗಲೂ ಬೆನ್ನಿನ ಮೇಲೆ ಬ್ಯಾಗು. ಸೊಸೆಯ ಸರದಿ ಬಂದಾಗ ಅವಳು ಕೈ ಮುಂದೆ ಚಾಚಲಿಲ್ಲ.

ಸಂಘದ ಲೀಡರ್ ಎಂದರೆ ನಮ್ಮ ಬೀದಿಯ ರೇಷನ್ ಅಂಗಡಿಯ ಪಕ್ಕದ ಮನೆಯವಳು. ದೊಡ್ಡ ಗಂಟಲು, ಒಳ್ಳೆಯ ಕೈ. ಅವಳೇ ಶುರು ಮಾಡಿದಳು. "ಏನ್ ಮಾರಾಯ್ತಿ, ಮೊನ್ನೆ ನಿನ್ನ ಗಂಡ ಮೀನು ತಗೊಂಡು ಹೋಗಿದ್ದು ನಾನೇ ನೋಡಿದೀನಿ. ಮೀನಿಗಿದೆ, ಕಂತಿಗಿಲ್ಲ."

"ಅದು ಬಾಡಿಗೆ ಬದಲು ಕೊಟ್ಟ ಮೀನು ಅಕ್ಕ" ಎಂದಳು ಸೊಸೆ.

"ಹಾಗಾದ್ರೆ ಸಾರ್‌ಗೂ ಎರಡು ಮೀನು ಕೊಡು."

ಯಾರೋ ನಕ್ಕರು. ನಗು ಅಲ್ಲೇ ನಿಂತಿತು. ಕಂಪನಿಯವನು ತಲೆ ಎತ್ತದೆ, "ಯಾರೂ ಏಳಂಗಿಲ್ರಿ. ನಿಮಗ ಗೊತ್ತೈತಿ" ಎಂದ.

ಹಿಂದೆಲ್ಲ ಹೀಗಾದಾಗ ಹೆಂಗಸರು ಗೊಣಗುತ್ತಾ ಸೆರಗಿನ ಗಂಟು ಬಿಚ್ಚುತ್ತಿದ್ದರು. ಅವತ್ತು ಯಾರೂ ಬಿಚ್ಚಲಿಲ್ಲ. ಬಿಚ್ಚಲು ಏನೂ ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಶೀಟು ಕಾಯತೊಡಗಿತು. ಹೊರಗೆ ಒಬ್ಬಳ ಗಂಡ ಬಂದು ತಿಂಡಿ ಎಲ್ಲಿ ಎಂದು ಕೂಗಿ, ಉತ್ತರ ಬರದೆ ಹೋದ. ಒಂದು ಹಸುಗೂಸು ಅತ್ತು ಅತ್ತು ತಾಯಿಯ ತೊಡೆಯ ಮೇಲೆ ನಿದ್ದೆ ಹೋಯಿತು. ಅಷ್ಟು ಜನ ಹೆಂಗಸರು ಒಂದು ಕೋಣೆಯಲ್ಲಿ ಮಾತಿಲ್ಲದೆ ಕೂತದ್ದನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೆ. ಎಲ್ಲರ ಕಣ್ಣೂ ಸೊಸೆಯ ಮೇಲಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಯಾರಾದರೂ ಅವಳ ಕೂದಲಿಗೆ ಕೈ ಹಾಕುತ್ತಾರೆ, ಇಲ್ಲವೇ ಅವಳೇ ಏನಾದರೂ ಮಾಡಿಕೊಳ್ಳುತ್ತಾಳೆ ಎಂದು ನನಗೆ ಅನ್ನಿಸಿತು.

ನನಗೆ ಗೊತ್ತಿರುವುದು ಅಡಿಗೆ ಕೆಲಸ ಒಂದೇ. ಎದ್ದು, ಕಟ್ಟಿಟ್ಟಿದ್ದ ಗೋಣಿಚೀಲ ಬಿಚ್ಚಿ, ಬಾಣಲೆ ತೆಗೆದೆ. ಮನೆಯಲ್ಲಿ ಗಟ್ಟಿ ಅವಲಕ್ಕಿ ಇತ್ತು, ಮಂಟಪದಿಂದ ತಂದ ಹೋಳು ಕಾಯಿ ಇತ್ತು. ಒಗ್ಗರಣೆಯ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು. ತಟ್ಟೆ ಸಾಲದೆ ಪಾತ್ರೆಯ ಮುಚ್ಚಳದಲ್ಲೂ ಹಾಕಿ ಕೊಟ್ಟೆ. ಕಂಪನಿಯವನಿಗೂ ಕೊಟ್ಟೆ. ಅವನು ಬೇಡವೆಂದ, ಆಮೇಲೆ ತಿಂದ. ಬೆಳಿಗ್ಗೆಯಿಂದ ಅವನೂ ಖಾಲಿ ಹೊಟ್ಟೆಯಲ್ಲಿದ್ದ.

ತಿನ್ನುವಾಗ ನಾನು ನಿಂತುಕೊಂಡೇ ಹೇಳಿದೆ. ನಾವು ಕಟ್ಟುತ್ತಿರುವುದು ನಮ್ಮ ಸಾಲವೊಂದೇ ಅಲ್ಲ, ಮೂಲೆಮನೆಯವಳ ಸಾಲ ನನ್ನ ಸೊಸೆಯ ಹೆಸರಲ್ಲಿದೆ, ಅದನ್ನು ತುಂಬಲು ಹೋಗಿ ಇನ್ನೆರಡು ಸಂಘಕ್ಕೆ ಬಿದ್ದಿದ್ದೇವೆ, ನಿನ್ನೆ ಊರು ಬಿಡಲು ಹೊರಟಿದ್ದೆವು. ಮುಚ್ಚಿಟ್ಟುಕೊಳ್ಳದೆ ಎಲ್ಲವನ್ನೂ ಹೇಳಿದೆ.

ಲೀಡರ್ ತಿನ್ನುವುದನ್ನು ನಿಲ್ಲಿಸಿದಳು. ಮುಚ್ಚಳವನ್ನು ಕೆಳಗಿಟ್ಟಳು. ಆ ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಕೇಳಿರಲಿಲ್ಲ.

"ನನ್ನ ಹೆಸರಲ್ಲೂ ಒಂದಿದೆ ಅಜ್ಜಿ. ಅವಳದ್ದೇ."

ಅವಳ ಪಕ್ಕದವಳು ತನ್ನ ನಾದಿನಿಗೆ ಹೆಸರು ಕೊಟ್ಟಿದ್ದಳು. ಬಾಗಿಲ ಹತ್ತಿರ ಕೂತವಳು ಟೈಲರ್ ಮನೆಯವರಿಗೆ. ಒಬ್ಬೊಬ್ಬರೇ ಹೇಳತೊಡಗಿದರು. ಆ ಚಾಪೆಯ ಮೇಲೆ ತನ್ನ ಸಾಲವನ್ನಷ್ಟೇ ಕಟ್ಟುತ್ತಿದ್ದವರು ಒಬ್ಬಿಬ್ಬರು ಇದ್ದರೇನೋ. ಗಂಡನಿಗೆ ಗೊತ್ತಾಗಬಾರದು, ಅತ್ತೆಗೆ ಗೊತ್ತಾಗಬಾರದು ಎಂದು ಎಲ್ಲರೂ ಮುಚ್ಚಿಟ್ಟುಕೊಂಡು, ಪ್ರತಿ ವಾರ ಒಬ್ಬರನ್ನೊಬ್ಬರು ಬೈದುಕೊಂಡು ಎದ್ದು ಹೋಗಿದ್ದರು.

ಕಂಪನಿಯವನು ಗಾಬರಿಯಾದ. ಅವನೇ ಒಂದು ದಾರಿ ಹೇಳಿದ. "ಒಂದ್ ಕೆಲ್ಸ ಮಾಡೂಣ್ರಿ. ಇವರಿಗೆ ದೊಡ್ಡ ಲೋನ್ ಒಂದ್ ಹಾಕ್ಸಿ ಕೊಡ್ತೀನಿ. ಹಳೇವೆಲ್ಲಾ ಅದರಾಗ ಮುಗಿಸಿಬಿಡ್ರಿ, ಒಂದ ಕಂತು ಆಗ್ತೈತಿ."

ಅವನು ಕೆಟ್ಟವನಲ್ಲ, ಒಳ್ಳೆಯದೆಂದೇ ಹೇಳಿದ. ಸೊಸೆಯ ಮುಖದಲ್ಲಿ ಬಹಳ ದಿನಗಳ ನಂತರ ಜೀವ ಬಂತು. ಆ ಜೀವ ನೋಡಿಯೇ ನನಗೆ ಹೆದರಿಕೆಯಾದದ್ದು. ಪ್ರತಿ ಸಲ ಹೊಸ ಸಾಲ ಬಂದ ದಿನ ಅವಳ ಮುಖ ಹೀಗೇ ಇರುತ್ತಿತ್ತು, ಹದಿನೈದು ದಿನಕ್ಕೆ ಮತ್ತೆ ಕಪ್ಪಾಗುತ್ತಿತ್ತು.

"ಬೇಡ ಸಾರ್" ಎಂದೆ. "ನೀವು ಕೊಡೋದು ನಿಲ್ಸಿ. ಆಮೇಲೆ ನಾವು ತೀರ್ಸೋದು ಹೇಗೆ ಅಂತ ನೋಡೋಣ."

"ನನ್ನ ಕೈಯಾಗ ಏನೂ ಇಲ್ರಿ ಅಜ್ಜಿ."

"ಯಾರ ಕೈಯಲ್ಲಿದೆಯೋ ಅವರನ್ನ ಕರೀರಿ. ಯಾರೂ ಏಳಂಗಿಲ್ಲ ಅಂದ್ರಲ್ಲ, ನಾವು ಕೂತೇ ಇರ್ತೀವಿ. ಸಂಜೆಗೆ ಚಹಾ ಮಾಡ್ತೀನಿ."

ಅವನ ಮೇಲಿನ ಸಾಹೇಬರು ಶಿವಮೊಗ್ಗದಿಂದ ಮಧ್ಯಾಹ್ನ ಮೀರಿ ಬಂದರು. ಮೊದಲು ಜೋರು ಮಾಡಿದರು. ಹೆಂಗಸರು ಜೋರು ಮಾಡಲಿಲ್ಲ, ಏಳಲೂ ಇಲ್ಲ. ಹಸಿದ ಮಕ್ಕಳು ಬಂದು ಬಾಗಿಲಲ್ಲಿ ಗುಂಪಾದವು, ಆಮೇಲೆ ಗಂಡಂದಿರು ಬಂದರು. ಅವತ್ತು ಎಷ್ಟು ಮನೆಗಳಲ್ಲಿ ಗುಟ್ಟು ಒಡೆಯಿತೋ. ಕೊನೆಗೆ ಹೊತ್ತು ಮುಳುಗುವ ಮೊದಲು ಒಪ್ಪಂದವಾಯಿತು. ಕಂತು ಅರ್ಧ, ಅವಧಿ ಉದ್ದ, ಹೊಸ ಸಾಲ ಯಾರಿಗೂ ಇಲ್ಲ. ಉಳಿದ ಎರಡು ಸಂಘಗಳಲ್ಲೂ ಲೀಡರ್ ಸೊಸೆಯ ಜೊತೆ ಹೋಗಿ ಕೂತು ಇದನ್ನೇ ಮಾಡಿಸಿದಳು. ಇನ್ನು ಮುಂದೆ ಯಾರೂ ಯಾರಿಗೂ ಹೆಸರು ಕೊಡಬಾರದೆಂದು ಹೆಂಗಸರು ತಮ್ಮ ತಮ್ಮಲ್ಲೇ ನೇಮ ಮಾಡಿಕೊಂಡರು.

ಅಲ್ಲಿಗೆ ಮುಗಿಯಿತೆಂದುಕೊಂಡರೆ ತಪ್ಪು. ಅರ್ಧ ಕಂತೂ ಕಂತೇ. ಮೊದಲು ನನ್ನ ಚಿನ್ನದ ಬಳೆಗಳ ಮಾತು ಬಂತು. ಅವು ವರ್ಷಗಳಿಂದ ಶಿವಮೊಗ್ಗದಲ್ಲಿ ಅಡವಿದ್ದವು. ವರ್ಷಕ್ಕೊಮ್ಮೆ ಕೈಸಾಲ ಮಾಡಿ ಬಿಡಿಸುವುದು, ಅದೇ ದಿನ ಮತ್ತೆ ಅಡವಿಟ್ಟು ಕೈಸಾಲ ತೀರಿಸುವುದು. ಬಳೆ ನನ್ನ ಕೈಗೆ ಬರುತ್ತಿದ್ದದ್ದು ಅಂಗಡಿಯ ಮೆಟ್ಟಿಲಿನಿಂದ ಅಂಗಡಿಯ ಮೆಟ್ಟಿಲಿನವರೆಗೆ. ಅಡವಿಡುವುದಕ್ಕೆ ನಮ್ಮಲ್ಲಿ ನಾಚಿಕೆಯಿಲ್ಲ, ಮಾರುವುದೆಂದರೆ ಮನೆಯ ದೀಪ ಆರಿಸಿದ ಹಾಗೆ. ನಾನು ಮಾರಿದೆ. ಅಡವು ತೀರಿ ಉಳಿದ ಹಣದಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿದ್ದ ಶನಿವಾರದ ಸಂಘ ಮುಗಿಯಿತು. ಮನೆಗೆ ಬಂದಾಗ ಸೊಸೆ ನನ್ನ ಕೈ ನೋಡಲಾರದೆ ಒಳಗೆ ಹೋದಳು. ಮೊದಲೂ ಅಲ್ಲಿ ಗಾಜಿನ ಬಳೆಯೇ ಇದ್ದದ್ದು, ಆದರೂ.

ಆಷಾಢ ಬಂತು. ಆಷಾಢದಲ್ಲಿ ಲಗ್ನವಿಲ್ಲ, ಮಂಟಪಕ್ಕೆ ಬೀಗ. ಕಂತಿಗೆ ಆಷಾಢ ಗೊತ್ತಿಲ್ಲ. ಅಡಿಗೆ ಭಟ್ಟರ ಮನೆಗೆ ಹೋಗಿ ನಿಂತೆ.

"ನಂಗೇ ಕೆಲ್ಸ ಇಲ್ಲ ಮಾರಾಯ್ತಿ, ನಿಂಗೆ ಎಲ್ಲಿಂದ ತರ್ಲಿ" ಎಂದರು. ಆಮೇಲೆ ಒಳಗೆ ಹೋಗಿ ಸ್ವಲ್ಪ ದುಡ್ಡು ತಂದು, ಶ್ರಾವಣದ ಕೂಲಿಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದರು.

"ಅಡ್ವಾನ್ಸ್ ಬೇಡ ಭಟ್ರೇ, ಅದೂ ಸಾಲವೇ" ಎಂದೆ. ಅವರಿಗೆ ಸಿಟ್ಟು ಬಂತು, ನನ್ನ ದುಡ್ಡು ಅಷ್ಟು ಕಹಿಯಾ ಎಂದರು. ಮೂರನೇ ದಿನ ಅವರೇ ಫೋನು ಮಾಡಿ ಶಿವಮೊಗ್ಗದ ನವುಲೆಯಲ್ಲಿ ಹುಡುಗರ ಮೆಸ್ಸಿಗೆ ಚಪಾತಿ ಒತ್ತುವವರು ಬೇಕಂತೆ ಎಂದು ಹೇಳಿದರು. ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ನನ್ನ ಭುಜದ ನೋವು ಅಲ್ಲಿಂದಲೇ ಬಂದದ್ದು. ಮಂಟಪದ ಪಾತ್ರೆ ಸಾಗಿಸುವ ಬಾಡಿಗೆಯನ್ನು ಭಟ್ಟರು ಮಗನಿಗೆ ಕೊಟ್ಟರು. ಫ್ರಿಜ್ಜು ಮಾರಿದೆವು. ಸೊಸೆ ಹಬ್ಬದ ಸೀಸನ್ನಿನಲ್ಲಿ ಕುತ್ತಿಗೆ ಎತ್ತದೆ ಹೊಲಿದಳು.

ಇಷ್ಟೆಲ್ಲ ಆದರೂ ನನ್ನ ಭಯ ಕಡಿಮೆಯಾಗಲಿಲ್ಲ. ಮಗ ಬಿಚ್ಚದೆ ಉಳಿಸಿದ್ದ ಒಂದು ಗೋಣಿಚೀಲ ಅಟ್ಟದ ಮೇಲೆ ಹಾಗೇ ಇತ್ತು. ಅವನು ಮಾತು ಕಡಿಮೆ ಮಾಡಿದ್ದ. ಕೆಲಸಕ್ಕೆ ಹೋಗಿ ಬಂದಾಗಲೆಲ್ಲ ನಾನು ಮೊದಲು ಅಟ್ಟ ನೋಡುತ್ತಿದ್ದೆ, ಆಮೇಲೆ ಮೊಮ್ಮಗಳನ್ನು ಕೂಗುತ್ತಿದ್ದೆ. ಅವಳು "ಓ" ಎನ್ನುವವರೆಗೆ ಕಾಲು ಹೊಸ್ತಿಲು ದಾಟುತ್ತಿರಲಿಲ್ಲ. ಗಂಡಸರು ಒಬ್ಬರೇ ಹೋಗಿಬಿಟ್ಟ ಮನೆಗಳೂ ನಮ್ಮ ಬೀದಿಯಲ್ಲಿದ್ದವು. ಹಾಗೇನಾದರೂ ಆದರೆ ಸೊಸೆ ತವರಿಗೆ ಹೋಗುತ್ತಾಳೆ, ಮಗು ಅವಳ ಹಿಂದೆ.

ಒಂದು ದಿನ ಅವನು ಗಾಜನೂರಿಗೆ ಸಿಮೆಂಟು ಇಳಿಸಲು ಹೋದವನು ಊಟಕ್ಕೆ ಬರಲಿಲ್ಲ. ಫೋನು ಸ್ವಿಚ್ ಆಫ್. ಬಾಡಿಗೆ ಕೊಟ್ಟವರನ್ನು ಕೇಳಿದರೆ ಬೆಳಿಗ್ಗೆಯೇ ಇಳಿಸಿ, ದುಡ್ಡು ತೆಗೆದುಕೊಂಡು ಹೋದ ಎಂದರು. ಸಿಮ್ಮು ಮುರಿದು ಹಾಕುತ್ತೇನೆ ಎಂದಿದ್ದ ಮಾತು ನನ್ನ ಕಿವಿಯಲ್ಲಿ. ಸೊಸೆಯೂ ಅದನ್ನೇ ಯೋಚಿಸುತ್ತಿದ್ದಾಳೆಂದು ಗೊತ್ತಾಗುತ್ತಿತ್ತು, ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅವಳು ಹೊಲಿದದ್ದನ್ನೇ ಬಿಚ್ಚಿ ಹೊಲಿದಳು. ನಾನು ತೊಳೆದ ಪಾತ್ರೆಯನ್ನೇ ತೊಳೆದೆ. ಎದುರು ಮನೆಯವಳು ಬಂದು, "ಆಟೋ ಕಾಣ್ತಿಲ್ವಲ್ಲ ಅಜ್ಜಿ" ಎಂದಳು. ಅಷ್ಟೇ ಹೇಳಿ ಹೋದಳು. ದೀಪ ಹಚ್ಚುವ ಹೊತ್ತಿಗೆ ಅವನು ಬಂದ, ಬಸ್ಸಿಳಿದು ನಡೆದುಕೊಂಡು, ಮೈಯೆಲ್ಲ ಗ್ರೀಸು. ಆಟೋದ ಕ್ಲಚ್ಚು ಹೋಗಿ ತುಂಗಾ ಚಾನೆಲಿನ ಪಕ್ಕ ನಿಂತುಬಿಟ್ಟಿತ್ತಂತೆ, ಫೋನಿನ ಚಾರ್ಜು ಮುಗಿದಿತ್ತಂತೆ. ಸೊಸೆ ನೀರು ಕಾಯಿಸಲು ಹೋದಳು. ಅವನು ನಮ್ಮಿಬ್ಬರ ಮುಖ ನೋಡಿದ, ಅರ್ಥವಾಯಿತು. ಸ್ನಾನ ಮಾಡಿ ಬಂದು ಸ್ಟೂಲು ಹಾಕಿಕೊಂಡು ಅಟ್ಟದ ಗೋಣಿಚೀಲ ಇಳಿಸಿದ. ಅದರೊಳಗಿನ ಇಡ್ಲಿ ಪಾತ್ರೆಯನ್ನು ನಾನು ಅಷ್ಟು ದಿನ ಹುಡುಕುತ್ತಿದ್ದೆ, ಆದರೂ ಆ ಚೀಲಕ್ಕೆ ಕೈ ಹಾಕುವ ಧೈರ್ಯ ಬಂದಿರಲಿಲ್ಲ.

ಗುರುವಾರದ ಸಂಘ ಮುಗಿಯಿತು. ಮಂಗಳವಾರದ್ದು ಉಳಿಯಿತು. ಅದೂ ಮುಗಿಯಿತು. ಕೊನೆಯ ಕಂತಿನ ದಿನ ಲೀಡರ್ ಮನೆಯಲ್ಲಿ ಸಂಘ, ನಾನೂ ಹೋಗಿದ್ದೆ. ಹಾವೇರಿಯವನಿಗೆ ವರ್ಗವಾಗಿ ಬೇರೆ ಯಾರೋ ಬಂದಿದ್ದರು. ಅವರು ಹಣ ಎಣಿಸಿಕೊಂಡು, ಸಾಲ ತೀರಿದೆ, ಮುಂದಿನ ಸಾಲ ಎಷ್ಟು ಬೇಕು ಎಂದು ಕೇಳಿದರು. ಸೊಸೆ ಎರಡೂ ಕೈ ಜೋಡಿಸಿದಳು. ಲೀಡರ್ ಗಟ್ಟಿಯಾಗಿ ನಕ್ಕು, "ನಮ್ಮ ಅಜ್ಜಿ ಅವಲಕ್ಕಿ ಒಗ್ಗರಣೆ ಹಾಕ್ತಾರೆ ನೋಡಿ ಸಾರ್, ಹುಷಾರು" ಎಂದಳು. ನನಗೆ ನಗು ಬಂತು, ಅಳು ಬಂತು, ಅವರ ಮನೆಯ ಜಗಲಿಯಲ್ಲಿ ಕೂತು ಎರಡನ್ನೂ ಮುಗಿಸಿಕೊಂಡು ಎದ್ದೆ. ಆಮೇಲಿನದು ಹೇಳಿದೆನಲ್ಲ, ಸಿಕ್ಕ ಸಿಕ್ಕವರಿಗೆಲ್ಲ ಸುದ್ದಿ ಹೇಳಿಕೊಂಡು ತಿರುಗಿದ್ದು.

ಈಗಲೂ ಬೈಕಿನ ಸದ್ದಿಗೆ ಸೊಸೆಯ ಮಿಷನ್ ಒಂದು ಗಳಿಗೆ ನಿಲ್ಲುತ್ತದೆ. ಬೀದಿಯಲ್ಲಿ ಇನ್ನೂ ಬೀಗ ಹಾಕಿದ ಮನೆಗಳಿವೆ. ಒಂದೆರಡಕ್ಕೆ ಹೊಸಬರು ಬಂದಿದ್ದಾರೆ, ಅವರ ಮನೆಗೂ ವಾರಕ್ಕೊಮ್ಮೆ ಯಾರೋ ಬ್ಯಾಗು ಹಾಕಿಕೊಂಡು ಬರುತ್ತಾರೆ. ಅದನ್ನು ನೋಡಿದಾಗ ನನ್ನ ಸಂತೋಷ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ಕೂರುತ್ತದೆ.

ಶಾಲೆ ಶುರುವಾಗುವ ವಾರ ಮೊಮ್ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ನಾಲ್ವರೂ ಹೋದೆವು. ಎರಡು ಜಡೆ ಹಾಕಿಸಿಕೊಂಡು, ನನ್ನ ಕೈ ಬಿಡಿಸಿಕೊಂಡು, ತಾನೇ ಮುಂದೆ ನಡೆದಳು. ಹೆಡ್‌ಮೇಡಂ ಮಗುವಿನ ಹೆಸರು, ಹುಟ್ಟಿದ ದಿನ ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಮನೆಯ ವಿಳಾಸ ಕೇಳಿದರು. ನಾನು ಮಗನ ಮುಖ ನೋಡಿದೆ. ಅವನು ಮನೆ ನಂಬರು ಹೇಳಿದ, ಬೀದಿ ಹೇಳಿದ, ಭದ್ರಾವತಿ ಎಂದ. ಈ ನಡುವೆ ಬಹಳ ಮಕ್ಕಳನ್ನು ವರ್ಷದ ಮಧ್ಯದಲ್ಲೇ ಬಿಡಿಸಿಕೊಂಡು ಹೋಗುತ್ತಾರೆ, ನೀವು ಇಲ್ಲೇ ಇರುವವರು ತಾನೇ ಎಂದು ಮೇಡಂ ಪೆನ್ನು ಎತ್ತಿ ಹಿಡಿದು ಕೇಳಿದರು.

"ಇಲ್ಲೇ ಇರ್ತೀವಿ ಮೇಡಂ" ಎಂದ ನನ್ನ ಮಗ. "ಬರ್ಕೊಳ್ಳಿ."